ಬುದ್ಧಿ ಹಲ್ಲಿಗೆ ಸರಿಯಾದ ತಜ್ಞರನ್ನು ಹುಡುಕಿದ್ದು: ಶಿವಮೊಗ್ಗದ ಒಂದು ಕ್ಲಿನಿಕ್ಕಿನ ಅನುಭವ

ಶಿವಮೊಗ್ಗದ ದುರ್ಗಿಗುಡಿ, ಸವಳಂಗ ರಸ್ತೆ, ವಿನೋಬನಗರದ ಕಡೆ ಅರ್ಧ ಗಂಟೆ ಓಡಾಡಿದರೆ ಹಲ್ಲಿನ ಕ್ಲಿನಿಕ್ಕುಗಳ ಬೋರ್ಡುಗಳು ಬೇಕಾದಷ್ಟು ಕಣ್ಣಿಗೆ ಬೀಳುತ್ತವೆ. ಆದರೆ ದವಡೆಯ ಮೂಳೆಯೊಳಗೆ ಅಡ್ಡಲಾಗಿ ಹುದುಗಿ, ಅರ್ಧ ಮುರಿದು, ಸುತ್ತಲೂ ಕೀವು ತುಂಬಿಕೊಂಡಿದ್ದ ಒಂದು ಬುದ್ಧಿ ಹಲ್ಲನ್ನು ತೆಗೆಯಬಲ್ಲವರು ಈ ಬೋರ್ಡುಗಳ ಪೈಕಿ ಯಾವುದರ ಹಿಂದಿದ್ದಾರೆ ಎಂದು ತಿಳಿಯಲು ನಮಗೆ ಒಂಬತ್ತು ದಿನ ಹಿಡಿಯಿತು. ಕಳೆದ ಆಷಾಢದಲ್ಲಿ ನನ್ನ ತಮ್ಮನಿಗಾಗಿ ನಡೆಸಿದ ಆ ಹುಡುಕಾಟವನ್ನೂ, ಕೊನೆಗೆ ಚಿಕಿತ್ಸೆ ದೊರೆತ ಕ್ಲಿನಿಕ್ಕಿನ ಗುಣದೋಷಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಚಿಕಿತ್ಸೆ ಮಾಡಿದ ವೈದ್ಯರು ತಮ್ಮ ಹೆಸರನ್ನು ಎಲ್ಲಿಯೂ ಹಾಕಬಾರದೆಂದು ಕೇಳಿಕೊಂಡಿದ್ದಾರೆ. ಅಲ್ಲದೆ ಅವರು ವಾರದ ಬೇರೆ ಬೇರೆ ದಿನ ಬೇರೆ ಬೇರೆ ಊರಿನ ಕ್ಲಿನಿಕ್ಕುಗಳಿಗೆ ಹೋಗುವವರು. ಆದ್ದರಿಂದ ವಿಳಾಸಕ್ಕಿಂತ, ಇಂಥವರನ್ನು ಗುರುತಿಸುವುದು ಹೇಗೆಂಬುದೇ ಓದುವವರಿಗೆ ಹೆಚ್ಚು ಉಪಯೋಗವಾದೀತು ಎಂದು ನಂಬಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ತಮ್ಮನಿಗೆ 29 ವರ್ಷ, ಅಡಿಕೆ ತೋಟ ನೋಡಿಕೊಳ್ಳುವವನು ಅವನೇ. ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸುವ ಹೊತ್ತು. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಆಳುಗಳನ್ನು ಹೊಂದಿಸಿಕೊಂಡು ಕೆಲಸ ಮುಗಿಸಬೇಕು. ಆ ಗಡಿಬಿಡಿಯಲ್ಲಿ ಕೆಳದವಡೆಯ ಬಲಮೂಲೆಯ ನೋವನ್ನು ಅವನು ಹತ್ತು ದಿನ ಮಾತ್ರೆ ನುಂಗಿ ತಳ್ಳಿದ. ಹನ್ನೊಂದನೆಯ ದಿನ ಕೆನ್ನೆ ಊದಿಕೊಂಡಿತು, ಗಂಜಿ ಕುಡಿಯುವಾಗಲೂ ಬಾಯಿ ತೆರೆಯಲಾಗದೆ ಕಣ್ಣಲ್ಲಿ ನೀರು ಬಂತು.

ಹತ್ತಿರದ ಪೇಟೆಯಲ್ಲಿ ನಾವು ಮೊದಲು ಹೋದ ಕ್ಲಿನಿಕ್ಕಿನ ಬೋರ್ಡಿನ ಮೇಲೆ ವೈದ್ಯರ ಹೆಸರಿನ ಮುಂದೆ 'ಬಿ.ಡಿ.ಎಸ್., ಎಂ.ಡಿ.ಎಸ್.' ಎಂದು ದಪ್ಪ ಅಕ್ಷರಗಳಲ್ಲಿತ್ತು. ಎಂ.ಡಿ.ಎಸ್. ಎಂದಮೇಲೆ ದೊಡ್ಡ ಡಾಕ್ಟರು, ಹಲ್ಲಿನ ವಿಚಾರದಲ್ಲಿ ಅವರಿಗಿಂತ ಮೇಲೆ ಯಾರೂ ಇಲ್ಲ ಎಂದೇ ನಾನು ತಿಳಿದಿದ್ದೆ. ಅವರು ಒಂದೇ ಹಲ್ಲು ಕಾಣುವ ಸಣ್ಣ ಎಕ್ಸ್‌ರೇ ತೆಗೆದು, ಅದೇ ದಿನ ಕೀಳಲು ಕುಳಿತರು. ಚುಚ್ಚುಮದ್ದು ಒಂದಾಯಿತು, ಎರಡಾಯಿತು, ನಾಲ್ಕಾಯಿತು. ಜಾಗ ಜೋಮು ಹಿಡಿಯಲೇ ಇಲ್ಲ. ಹಾಗೆಯೇ ಒಂದು ಗಂಟೆಗೂ ಹೆಚ್ಚು ಪ್ರಯತ್ನಿಸಿದ ಮೇಲೆ ಹಲ್ಲಿನ ತಲೆಯ ಭಾಗ ಪುಡಿಯಾಗಿ ಬಂದು, ಬೇರುಗಳು ಮೂಳೆಯಲ್ಲೇ ಉಳಿದವು. "ಊತ ಇಳಿಯಲಿ, ನಾಲ್ಕು ದಿನ ಬಿಟ್ಟು ಬನ್ನಿ, ನೋಡೋಣ" ಎಂದು ಕಳುಹಿಸಿದರು. ಅವರ ಎಂ.ಡಿ.ಎಸ್. ಪದವಿ ವಕ್ರದಂತ ಚಿಕಿತ್ಸೆಯದು, ಅಂದರೆ ಹಲ್ಲಿಗೆ ತಂತಿ ಹಾಕಿ ಸಾಲು ಸರಿಪಡಿಸುವ ವಿದ್ಯೆಯದು ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಅದೂ ಬೇರೆಯವರಿಂದ. ಅವರ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಇದು ತಮ್ಮ ಕೈಮೀರಿದ ಕೆಲಸ ಎಂದು ಮೊದಲೇ ಹೇಳಿ, ಒಂದು ಚೀಟಿ ಬರೆದು ಸರಿಯಾದ ಕಡೆಗೆ ಕಳುಹಿಸಿದ್ದರೆ ತಮ್ಮನಿಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ ಎಂಬ ಕೊರಗು ಇಂದಿಗೂ ಹೋಗಿಲ್ಲ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ವಿದ್ಯಾವಂತರಲ್ಲೂ ಹೆಚ್ಚಿನವರಿಗೆ ಇದು ತಿಳಿದಿಲ್ಲ. ಹೈಸ್ಕೂಲು ಮೇಷ್ಟ್ರಾದ ನನಗೇ ತಿಳಿದಿರಲಿಲ್ಲ. ಬಿ.ಡಿ.ಎಸ್. ಎಂಬುದು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷದ ವ್ಯಾಸಂಗ. ಆನಂತರ ಮೂರು ವರ್ಷದ ಎಂ.ಡಿ.ಎಸ್. ಇದೆ, ಆದರೆ ಅದು ಒಂದೇ ಪದವಿಯಲ್ಲ, ನಮ್ಮ ದೇಶದಲ್ಲಿ ಅದಕ್ಕೆ 9 ಶಾಖೆಗಳಿವೆ. ಬೇರುನಾಳದ ಚಿಕಿತ್ಸೆ ಒಂದು ಶಾಖೆ, ಒಸಡಿನದು ಮತ್ತೊಂದು, ಮಕ್ಕಳ ಹಲ್ಲಿನದು ಇನ್ನೊಂದು, ಕೃತಕ ಹಲ್ಲಿನದು ಬೇರೆಯೇ. ಬಾಯಿ, ದವಡೆ ಮತ್ತು ಮುಖದ ಮೂಳೆಗಳ ಶಸ್ತ್ರಚಿಕಿತ್ಸೆ ಎಂಬುದು ಇವುಗಳಲ್ಲೊಂದು. ಅದನ್ನು ಓದಿದವರೇ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್. ಮೂಳೆಯಲ್ಲಿ ಹೂತ ಹಲ್ಲು ತೆಗೆಯುವುದು ಅವರ ಕೆಲಸದ ಒಂದು ಸಣ್ಣ ಭಾಗ ಮಾತ್ರ. ಬೈಕಿನಿಂದ ಬಿದ್ದು ದವಡೆ ಮುರಿದಾಗ ಟೈಟೇನಿಯಂ ಪಟ್ಟಿ ಕೂರಿಸಿ ಜೋಡಿಸುವುದು, ಆಕಳಿಸುವಾಗ ಕೀಲು ಜಾರಿ ಬಾಯಿ ಮುಚ್ಚದಂತಾದಾಗ ಸರಿಪಡಿಸುವುದು, ದವಡೆಯೊಳಗಿನ ಗಂಟು ಮತ್ತು ನೀರುಗುಳ್ಳೆಗಳನ್ನು ತೆಗೆಯುವುದು, ವಾಸಿಯಾಗದ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳುಹಿಸುವುದು, ಹುಟ್ಟಿನಿಂದ ಬಂದ ಸೀಳುತುಟಿಯನ್ನು ಸರಿಪಡಿಸುವುದು ಕೂಡ ಅವರ ವ್ಯಾಪ್ತಿಗೆ ಬರುತ್ತವೆ. ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬೀಳುವ ಕೊನೆಗಾರರಿರುವ, ರಸ್ತೆಯ ತಿರುವುಗಳಲ್ಲಿ ಅಪಘಾತಗಳಾಗುವ ನಮ್ಮ ಸೀಮೆಗೆ ಇಂಥವರು ಎಷ್ಟು ಬೇಕಾದವರು ಎಂದು ಬೇರೆ ಹೇಳಬೇಕಿಲ್ಲ. ಹೀಗಿದ್ದೂ ಬೋರ್ಡಿನ ಮೇಲೆ ಬರೀ 'ಎಂ.ಡಿ.ಎಸ್.' ಎಂದಷ್ಟೇ ಬರೆದಾಗ, ನೋವಿನಿಂದ ಒದ್ದಾಡುತ್ತ ಬಂದವನಿಗೆ ಯಾವ ಶಾಖೆಯೆಂದು ಹೇಗೆ ತಿಳಿಯಬೇಕು?

ಹುಡುಕಾಟ ಶುರುವಾಯಿತು. ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ಕ್ಲಿನಿಕ್ಕುಗಳೂ ಎಲ್ಲ ಬಗೆಯ ಚಿಕಿತ್ಸೆಯನ್ನೂ ಮಾಡುವುದಾಗಿ ಹೇಳಿಕೊಂಡಿದ್ದವು. ಐದಾರು ಕಡೆ ಫೋನು ಮಾಡಿ "ಬುದ್ಧಿ ಹಲ್ಲು ತೆಗೆಯುತ್ತೀರಾ" ಎಂದು ಕೇಳಿದೆ, ಎಲ್ಲರೂ ಹೌದೆಂದರು. ಪ್ರಶ್ನೆಯೇ ತಪ್ಪಾಗಿತ್ತು. ನಮ್ಮೂರಿನ ಔಷಧಿ ಅಂಗಡಿಯವರು ಹೇಳಿಕೊಟ್ಟ ಮೇಲೆ ಪ್ರಶ್ನೆಯನ್ನು ಬದಲಿಸಿದೆ: "ಶಸ್ತ್ರಚಿಕಿತ್ಸೆ ಮಾಡುವವರು ಯಾರು, ಅವರ ಎಂ.ಡಿ.ಎಸ್. ಯಾವ ಶಾಖೆಯಲ್ಲಿ, ಅವರು ಯಾವ ದಿನ ಬರುತ್ತಾರೆ?" ಈ ಮೂರು ಪ್ರಶ್ನೆ ಒಟ್ಟಿಗೆ ಕೇಳಿದಾಗ ಉತ್ತರಗಳೇ ಬೇರೆಯಾದವು. ಇಬ್ಬರು, "ನಾವು ಕರೆಸುತ್ತೇವೆ, ಸರ್ಜನ್ ಗುರುವಾರ ಬರುತ್ತಾರೆ" ಎಂದರು. ಒಬ್ಬರು ಕೋಪಿಸಿಕೊಂಡು ಫೋನಿಟ್ಟರು. ಸರ್ಜನ್ ತಮ್ಮದೇ ಕ್ಲಿನಿಕ್ಕನ್ನು ನಡೆಸದೆ, ಸಾಮಾನ್ಯ ದಂತವೈದ್ಯರ ಕ್ಲಿನಿಕ್ಕುಗಳಿಗೆ ಗೊತ್ತಾದ ದಿನ ಬಂದು ಹೋಗುವ ಪದ್ಧತಿ ನಮ್ಮ ಕಡೆ ಇದೆಯೆಂಬುದು ನಮಗೆ ತಿಳಿದದ್ದೇ ಹೀಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಬಂದು ಹೋಗುವವರ ಹೆಸರು ಬೋರ್ಡಿನಲ್ಲಿ ಇರುವುದಿಲ್ಲವಾದ್ದರಿಂದ, ಕೇಳದ ಹೊರತು ರೋಗಿಗೆ ಗೊತ್ತಾಗುವುದಿಲ್ಲ.

ಬೇರೆ ದಾರಿಗಳನ್ನೂ ನೋಡಿದ್ದೆವು. ತೀರ್ಥಹಳ್ಳಿ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ಹಳೆಯ ರೂಢಿ. ಅಲ್ಲಿಯ ದಂತ ವೈದ್ಯಕೀಯ ಕಾಲೇಜು 1965ರಷ್ಟು ಹಳೆಯದು. ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ. ಶಿವಮೊಗ್ಗದಲ್ಲೇ ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜು ಎಂದಮೇಲೆ ಅದರಲ್ಲಿ ಈ ಶಸ್ತ್ರಚಿಕಿತ್ಸೆಯ ವಿಭಾಗ ಇರಲೇಬೇಕು. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಸಮಯ ಮಾತ್ರ ಹೆಚ್ಚು ಬೇಕು. ನಾವು ಖಾಸಗಿ ಕ್ಲಿನಿಕ್ಕನ್ನೇ ಆರಿಸಿಕೊಂಡದ್ದಕ್ಕೆ ಕಾರಣ, ಗುರುವಾರ ಎರಡೇ ದಿನ ದೂರವಿತ್ತು ಮತ್ತು ಮಳೆಯಲ್ಲಿ ಘಾಟಿ ಇಳಿಯುವ ಧೈರ್ಯ ನಮಗಿರಲಿಲ್ಲ.

ಬೆಳಗಿನ ಬಸ್ಸಿಗೆ ಹೊರಟು, ಮಂಡಗದ್ದೆ, ಸಕ್ರೆಬೈಲು ದಾಟಿ, ತುಂಬಿ ಹರಿಯುವ ತುಂಗೆಯನ್ನು ಕಿಟಕಿಯಲ್ಲಿ ನೋಡುತ್ತ ಸುಮಾರು 60 ಕಿ.ಮೀ. ಬಂದೆವು. ತಮ್ಮನಂತೂ ಕೆನ್ನೆಗೆ ಟವೆಲ್ ಒತ್ತಿಕೊಂಡು ಒಂದು ಮಾತೂ ಆಡಲಿಲ್ಲ.

ಸರ್ಜನ್ ಮಾಡಿದ ಮೊದಲ ಕೆಲಸ ಇಂದಿಗೂ ನನ್ನ ಕಣ್ಣಮುಂದಿದೆ. ಅವರು ಬಾಯೊಳಗೆ ಸಲಕರಣೆ ಇಡುವ ಮೊದಲು ತಮ್ಮನ ಗಲ್ಲದ ಕೆಳಗೆ, ಕತ್ತಿನ ಎರಡೂ ಬದಿಗೆ ಬೆರಳಿನಿಂದ ಒತ್ತಿ ನೋಡಿದರು. ನುಂಗಲು ಕಷ್ಟವಾಗುತ್ತದೆಯೇ, ಮಲಗಿದರೆ ಉಸಿರು ಕಟ್ಟುತ್ತದೆಯೇ, ನಾಲಿಗೆ ಮೇಲಕ್ಕೆ ಎದ್ದಂತೆ ಅನಿಸುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಕೆಳದವಡೆಯ ಹಿಂಬದಿಯ ಹಲ್ಲಿನ ಕೀವು ನಾಲಿಗೆಯಡಿಗೂ ಗಲ್ಲದಡಿಗೂ ಎರಡೂ ಬದಿಗೆ ಹರಡಿದರೆ ಗಂಟಲು ಮುಚ್ಚಿಹೋಗಿ ಜೀವಕ್ಕೇ ಅಪಾಯ, ಹಾಗಾದರೆ ಕ್ಲಿನಿಕ್ಕಿನಲ್ಲಿ ಕೂರದೆ ನೇರವಾಗಿ ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು ಎಂದು ವಿವರಿಸಿದರು. ಹಲ್ಲುನೋವನ್ನು ಹತ್ತು ದಿನ ಮಾತ್ರೆಯಲ್ಲಿ ಕಳೆದ ನಮಗೆ ಮೈ ಜುಮ್ಮೆಂದಿತು. ತಮ್ಮನಿಗೆ ಸೋಂಕು ಅಷ್ಟು ದೂರ ಹೋಗಿರಲಿಲ್ಲ.

ಆಮೇಲೆ ಒಂದು ಸಣ್ಣ ಅಳತೆಪಟ್ಟಿಯಿಂದ ಬಾಯಿ ಎಷ್ಟು ತೆರೆಯುತ್ತದೆಂದು ಅಳೆದರು, 17 ಮಿಲಿಮೀಟರು. ದೊಡ್ಡವರಲ್ಲಿ ಸಾಮಾನ್ಯವಾಗಿ 35ಕ್ಕಿಂತ ಹೆಚ್ಚಿರಬೇಕಂತೆ. ಮನೆಯಲ್ಲೇ ನೋಡಿಕೊಳ್ಳುವ ಸುಲಭದ ಲೆಕ್ಕವೆಂದರೆ ನಮ್ಮ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗಬೇಕು. "ಕವಳ ಹಾಕ್ತೀರಾ?" ಎಂದು ಎಲೆಯಡಿಕೆಯ ಅಭ್ಯಾಸವನ್ನು ಕೇಳಿ, ಅವನು ತಲೆಯಾಡಿಸಿದಾಗ, ಎಡಗೆನ್ನೆಯನ್ನು ಹೊರಕ್ಕೆ ಎಳೆದು ದೀಪ ಹಿಡಿದು ನನಗೂ ತೋರಿಸಿದರು. ಕೆಂಪಗಿರಬೇಕಾದ ಒಳಗೆನ್ನೆಯಲ್ಲಿ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಅವರ ಬೆರಳಿನ ಕೆಳಗೆ ಅದು ದಾರ ಬಿಗಿದಂತೆ ನಿಲ್ಲುತ್ತಿತ್ತು. ಬಾಯಿ ಕಟ್ಟಿದ್ದಕ್ಕೆ ಸದ್ಯದ ದೊಡ್ಡ ಕಾರಣ ಸೋಂಕು, ಅದು ಇಳಿಯುತ್ತದೆ. ಆದರೆ ಈ ನಾರುಗಟ್ಟುವಿಕೆ ಅಡಿಕೆ ಅಗಿಯುವುದರಿಂದ ಬರುವಂಥದ್ದು, ಅದು ತಾನಾಗಿ ಇಳಿಯುವುದಿಲ್ಲ, ಮುಂದುವರಿದರೆ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯನ್ನೇ ನಂಬಿ ಮೂರು ತಲೆಮಾರಿನಿಂದ ಬದುಕುತ್ತಿರುವ ಮನೆಯವನಾಗಿ ನನಗೆ ಈ ಮಾತು ಕೇಳಲು ಕಷ್ಟವಾಯಿತು. ಆದರೂ ಹಲ್ಲಿಗೆಂದು ಬಂದ ರೋಗಿಯ ಒಳಗೆನ್ನೆಯನ್ನು ನೋಡಿ, ಮುಲಾಜಿಲ್ಲದೆ ಹೇಳಿದ ವೈದ್ಯರ ಬಗ್ಗೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲೇ. ಮೊದಲು ಹೋದ ಕ್ಲಿನಿಕ್ಕಿನಲ್ಲೂ ಅದೇ ಬಾಯನ್ನು ಒಂದು ಗಂಟೆ ನೋಡಿದ್ದರು.

ಆ ದಿನ ಅವರು ಹಲ್ಲು ಕೀಳಲಿಲ್ಲ. ಕೀವು ಹೊರಬರುವಂತೆ ದಾರಿ ಮಾಡಿ, ತೊಳೆದು, ಐದು ದಿನಕ್ಕೆ ಔಷಧಿ ಬರೆದು, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಸೋಂಕಿರುವ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಜೋಮು ಹಿಡಿಸುವ ಮದ್ದು ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಅವರು ವಿವರಿಸಿದಾಗ, ಅಂದು ನಾಲ್ಕು ಚುಚ್ಚುಮದ್ದು ವ್ಯರ್ಥವಾದದ್ದೇಕೆಂದು ನಮಗೆ ತಿಳಿಯಿತು. ತಮ್ಮನ ಮೈಯಲ್ಲಿ ಏನೋ ದೋಷವಿದೆಯೆಂದು ಅಮ್ಮ ಹರಕೆ ಕೂಡ ಹೊತ್ತಿದ್ದರು.

ಎರಡೂ ದವಡೆ ಪೂರ್ತಿ ಕಾಣುವ ಒ.ಪಿ.ಜಿ. ಎಕ್ಸ್‌ರೇಯನ್ನು ಹತ್ತಿರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ತೆಗೆಸಿದೆವು. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ತೋರಿಸಿದರು. ಕೆಳದವಡೆಯುದ್ದಕ್ಕೂ ಎರಡು ತೆಳು ಬಿಳಿ ಗೆರೆಗಳ ನಡುವೆ ಕಪ್ಪಗಿನ ಹಾದಿಯೊಂದು ಹೋಗುತ್ತದೆ. ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ಕೊಡುವ ನರ ಅದರೊಳಗಿದೆ. ತಮ್ಮನ ಹಲ್ಲಿನ ಬೇರು ಆ ಹಾದಿಯನ್ನು ದಾಟುವಲ್ಲಿ ಬೇರಿನ ಬಣ್ಣವೇ ಕಪ್ಪಾಗಿತ್ತು, ಬಿಳಿ ಗೆರೆ ಅಲ್ಲಿ ತುಂಡಾಗಿತ್ತು. ಬೇರು ನರಕ್ಕೆ ಅಂಟಿಕೊಂಡಿರಬಹುದೆಂಬ ಗುರುತು ಅದು. ಆದ್ದರಿಂದ ಸಿ.ಬಿ.ಸಿ.ಟಿ. ಎಂಬ ಮೂರು ಆಯಾಮದ ಸ್ಕ್ಯಾನನ್ನೂ ಮಾಡಿಸಬೇಕಾಯಿತು. ಅದರಲ್ಲಿ ನರ ಬೇರಿನ ಒಳಬದಿಗಿರುವುದು ಸ್ಪಷ್ಟವಾಯಿತು. ಮೊದಲ ಕ್ಲಿನಿಕ್ಕಿನ ಸಣ್ಣ ಎಕ್ಸ್‌ರೇಯಲ್ಲಿ ಈ ಹಾದಿಯ ಚೂರೂ ಕಂಡಿರಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದನ್ನು ವಿಶೇಷವಾಗಿ ನೆನೆಯಬೇಕು. ತುಟಿ ಮತ್ತು ಗಲ್ಲ ಸ್ವಲ್ಪ ಕಾಲ ಜೋಮು ಹಿಡಿದಂತಿರಬಹುದು, ಬಹುತೇಕರಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೆಯೇ ಉಳಿಯುತ್ತದೆ. ತುಟಿ ಸೊಟ್ಟಗಾಗುವುದಿಲ್ಲ, ಏಕೆಂದರೆ ಅದು ಚಲನೆಯ ನರವಲ್ಲ. ಬೇರು ನರಕ್ಕೆ ತೀರಾ ಅಂಟಿದ್ದರೆ, ಹಲ್ಲಿನ ತಲೆಯನ್ನಷ್ಟೇ ತೆಗೆದು ಆರೋಗ್ಯವಾಗಿರುವ ಬೇರನ್ನು ಬಿಟ್ಟುಬಿಡುವ ವಿಧಾನವೂ ಇದೆಯಂತೆ; ತಮ್ಮನ ಬೇರಿಗೆ ಸೋಂಕು ತಗುಲಿದ್ದರಿಂದ ಅದು ಇಲ್ಲಿ ಆಗದೆಂದರು. ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧಿಗಳ ಬಗ್ಗೆ ಕೇಳಿ ಬರೆದುಕೊಂಡರು. ಅಂಥ ಮಾತ್ರೆಗಳನ್ನು ಹಲ್ಲು ಕೀಳಿಸಬೇಕೆಂದು ರೋಗಿ ತಾನೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು ಎಂಬ ಮಾತನ್ನು ಅಲ್ಲೇ ಕುಳಿತಿದ್ದ ವಯಸ್ಸಾದವರೊಬ್ಬರಿಗೂ ಹೇಳಿದರು.

ಮುಂದಿನ ಗುರುವಾರ ಶಸ್ತ್ರಚಿಕಿತ್ಸೆಯಾಯಿತು. ಈ ಬಾರಿ ಎರಡೇ ಚುಚ್ಚುಮದ್ದಿಗೆ ಅರ್ಧ ತುಟಿ ಮರಗಟ್ಟಿತು. ಒಸಡನ್ನು ಬಿಡಿಸಿ, ನೀರು ಹಾಯಿಸುತ್ತ ಸ್ವಲ್ಪ ಮೂಳೆ ಕೊರೆದು, ಉಳಿದ ಹಲ್ಲನ್ನು ಎರಡು ತುಂಡು ಮಾಡಿ ಒಂದೊಂದಾಗಿ ಹೊರತೆಗೆದು, ಮೂರು ಹೊಲಿಗೆ ಹಾಕುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು. ಸ್ಟೀಲಿನ ತಟ್ಟೆಯಲ್ಲಿ ಬಿದ್ದಿದ್ದ ಬೇರು ನೋಡಿದೆ: ತುದಿ ಕೊಕ್ಕೆಯಂತೆ ಬಾಗಿತ್ತು, ಅದರ ಒಂದು ಮಗ್ಗುಲಲ್ಲಿ ನರ ಒತ್ತಿ ಕುಳಿತಿದ್ದ ಜಾಗ ಸಣ್ಣ ಕಾಲುವೆಯಂತೆ ತಗ್ಗಾಗಿತ್ತು. ಅದನ್ನು ಕಂಡ ಮೇಲೆ, ಅದೇ ಬೇರನ್ನು ಮೊದಲ ದಿನ ಇಕ್ಕಳದಲ್ಲಿ ಹಿಡಿದು ಎಳೆದಾಡಿದ್ದು ನೆನಪಾಗಿ ಕೈ ತಣ್ಣಗಾಯಿತು.

ಮನೆಗೆ ಬಂದ ಮೇಲಿನ ಪಥ್ಯ ಸರಳವಾದರೂ ಕಟ್ಟುನಿಟ್ಟಾಗಿತ್ತು. ಒಂದು ಗಂಟೆ ಹತ್ತಿ ಕಚ್ಚಿರಬೇಕು, ಅಂದು ಪೂರ್ತಿ ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು, ಬಿಸಿ ಏನನ್ನೂ ಕುಡಿಯಬಾರದು. ಹಲ್ಲಿದ್ದ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಮೂಳೆ ಬಯಲಾಗಿ, ಮೂರನೆಯ ದಿನದ ಹೊತ್ತಿಗೆ ಕಿವಿಯವರೆಗೂ ಸೆಳೆಯುವ ನೋವು ಬರುತ್ತದೆ. ಹಾಗಾದರೆ ಮಾತ್ರೆ ನುಂಗಿ ಕೂರದೆ ಫೋನು ಮಾಡಿ ಎಂದಿದ್ದರು. ತಮ್ಮನಿಗೆ ಹಾಗಾಗಲಿಲ್ಲ. ತಣ್ಣಗಿನ ಗಂಜಿ, ಮೊಸರನ್ನದಲ್ಲಿ ನಾಲ್ಕು ದಿನ ಕಳೆದ. ಏಳನೆಯ ದಿನ ಹೊಲಿಗೆ ಬಿಚ್ಚಿದರು.

ಖರ್ಚಿನ ಲೆಕ್ಕ: ಸಲಹೆಗೆ 300 ರೂಪಾಯಿ, ಒ.ಪಿ.ಜಿ.ಗೆ 500, ಸಿ.ಬಿ.ಸಿ.ಟಿ.ಗೆ 2,000, ಶಸ್ತ್ರಚಿಕಿತ್ಸೆಗೆ 7,500, ಔಷಧಿಗೆ ಸುಮಾರು 900. ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ, ಆದರೆ ಮೊದಲೇ ಹೇಳಿದ್ದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಪಡೆಯಲಿಲ್ಲ.

ಕ್ಲಿನಿಕ್ಕಿನ ಕೊರತೆಗಳನ್ನೂ ಹೇಳಲೇಬೇಕು. ಅದು ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ದವಡೆ ಮುರಿದುಕೊಂಡವರೂ ವಯಸ್ಸಾದವರೂ ಕಡಿದಾದ ಮೆಟ್ಟಿಲು ಹತ್ತಬೇಕು. ಹತ್ತೂವರೆಗೆ ಬರಹೇಳಿ ಒಂದು ಗಂಟೆಯವರೆಗೆ ಕಾಯಿಸಿದರು. ದೂರದ ಊರಿನವರಿಗೆ ಕಡೆಯ ಬಸ್ಸಿನ ಚಿಂತೆ ಇರುತ್ತದೆ ಎಂಬುದನ್ನು ಚೀಟಿ ಕೊಡುವವರು ಗಮನಿಸುವುದಿಲ್ಲ. ಬಿಲ್ಲನ್ನು ನಾನಾಗಿ ಕೇಳಿದ ಮೇಲೆಯೇ ಕೊಟ್ಟರು. ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ 2007ರ ರಾಜ್ಯ ಕಾಯಿದೆಯ ಪ್ರಕಾರ ಕ್ಲಿನಿಕ್ಕಿನ ನೋಂದಣಿ ಪತ್ರ ಎಲ್ಲರಿಗೂ ಕಾಣುವಂತಿರಬೇಕು. ಇಲ್ಲಿ ಅದು ಕ್ಯಾಲೆಂಡರಿನ ಹಿಂದೆ ಅರ್ಧ ಮರೆಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ಒಳ್ಳೆಯ ಸರ್ಜನ್ ವಾರಕ್ಕೊಮ್ಮೆ ಬರುತ್ತಾರೆಂಬ ಒಂದು ಸಾಲು ಕೆಳಗಿನ ಬೋರ್ಡಿನಲ್ಲಿ ಇಲ್ಲ. ಸಾಲು ಹಾಕಿ, ಶಾಖೆಯ ಹೆಸರನ್ನು ಕನ್ನಡದಲ್ಲೂ ಬರೆಸಿ ಎಂದು ನಾನು ಕ್ಲಿನಿಕ್ಕಿನ ಒಡೆಯರನ್ನು ಕೇಳಿಕೊಂಡಿದ್ದೇನೆ, ಮಾಡಿಸುವುದಾಗಿ ಹೇಳಿದ್ದಾರೆ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳುವುದಕ್ಕೆ ರೋಗಿಗಳು ಸಂಕೋಚಪಡಬೇಕಿಲ್ಲ. ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲಿ ಪ್ರತಿಯೊಬ್ಬ ದಂತವೈದ್ಯರ ಹೆಸರೂ ದಾಖಲಾಗಿರಬೇಕು. ನಮ್ಮ ಸರ್ಜನ್ ಕೇಳಿದ ಕೂಡಲೇ ಚೀಟಿಯ ಮೇಲ್ಭಾಗದಲ್ಲಿ ಅಚ್ಚಾಗಿದ್ದ ಸಂಖ್ಯೆಯನ್ನು ಬೆರಳಿಟ್ಟು ತೋರಿಸಿದರು.

ಈಗ ಮೂರು ತಿಂಗಳಾಗಿದೆ. ತಮ್ಮನ ಬಾಯಿ 33 ಮಿಲಿಮೀಟರು ತೆರೆಯುತ್ತದೆ. ದಿನಕ್ಕೆ ಮೂರು ಹೊತ್ತು ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ವ್ಯಾಯಾಮ ಮಾಡುತ್ತಾನೆ, ಪ್ರತಿ ತಿಂಗಳು ಕಡ್ಡಿಯೊಂದು ಹೆಚ್ಚುತ್ತಿದೆ. ಗಲ್ಲದ ಬಲಭಾಗದಲ್ಲಿ ಹಳೆಯ ನಾಲ್ಕಾಣೆಯಷ್ಟು ಜಾಗ ಮೊದಲು ಪೂರ್ತಿ ಜೋಮು ಹಿಡಿದಿದ್ದುದು ಈಗ ಇರುವೆ ಹರಿದಂತೆ ಜುಮುಜುಮು ಎನ್ನುತ್ತದೆ, ಅದು ನರ ಚೇತರಿಸಿಕೊಳ್ಳುವ ಲಕ್ಷಣವೆಂದು ವೈದ್ಯರು ಹೇಳಿದ್ದಾರೆ. ಕವಳದ ತಟ್ಟೆಯನ್ನು ಅಮ್ಮ ಅಟ್ಟಕ್ಕೆ ಹಾಕಿದ್ದಾರೆ. ಎಡಗಡೆಯ ಬುದ್ಧಿ ಹಲ್ಲೂ ಅಡ್ಡಲಾಗಿಯೇ ಇದೆ. ನೋವಿಲ್ಲದಿದ್ದರೂ ಮುಂದಿನ ಹಲ್ಲನ್ನು ತಿನ್ನತೊಡಗಿದೆಯೆಂದು ಎಕ್ಸ್‌ರೇಯಲ್ಲಿ ಕಂಡಿರುವುದರಿಂದ, ಅಡಿಕೆಯ ಕೊನೆಕೊಯ್ಲು ಮುಗಿದ ಮೇಲಿನ ಮೊದಲ ಗುರುವಾರ ಅದೇ ಮೆಟ್ಟಿಲು ಹತ್ತುವುದಾಗಿ ಹೇಳಿ ಬಂದಿದ್ದೇವೆ.